ಮನೆಯ ಸೋಲಾರ್ ಇನ್ವರ್ಟರಿನಲ್ಲಿ ಮೊದಲ ಆದ್ಯತೆ ಬ್ಯಾಟರಿಗೋ, ಲೈನಿನ ವಿದ್ಯುತ್ತಿಗೋ?

ಪ್ರಶ್ನೆ
ಬರೆದವರು: ಅಡಿಕೆ ತೋಟ, ತೀರ್ಥಹಳ್ಳಿ

ತೀರ್ಥಹಳ್ಳಿ ತಾಲ್ಲೂಕಿನ ಒಳಭಾಗದಲ್ಲಿರುವ ನಮ್ಮ ತೋಟದ ಮನೆಗೆ ಕಳೆದ ಬೇಸಿಗೆಯಲ್ಲಿ ಸೋಲಾರ್ ಹಾಕಿಸಿದೆವು. 24 ವೋಲ್ಟಿನ 3 ಕೆವಿಎ ಸೋಲಾರ್ ಇನ್ವರ್ಟರ್, 540 ವ್ಯಾಟಿನ 4 ಪ್ಯಾನೆಲ್, 150 ಎಎಚ್‌ನ 2 ಟ್ಯೂಬುಲರ್ (ಸೀಸ-ಆಮ್ಲದ) ಬ್ಯಾಟರಿ ಇವೆ. ಹೆಚ್ಚುವರಿ ವಿದ್ಯುತ್ತನ್ನು ಲೈನಿಗೆ ಮಾರುವ ವ್ಯವಸ್ಥೆ ಇದರಲ್ಲಿ ಇಲ್ಲ.

ಅಳವಡಿಸಿಕೊಟ್ಟವರು ಇನ್ವರ್ಟರನ್ನು ಎಸ್‌ಬಿಯು ಸೆಟ್ಟಿಂಗಿನಲ್ಲಿ, ಅಂದರೆ ಮೊದಲು ಸೋಲಾರ್, ನಂತರ ಬ್ಯಾಟರಿ, ಕೊನೆಗೆ ಲೈನು ಎಂಬ ಕ್ರಮದಲ್ಲಿ ಇಟ್ಟು ಹೋಗಿದ್ದಾರೆ. ಹೀಗಾಗಿ ಹೊತ್ತು ಮುಳುಗಿದ ಮೇಲೆ ಲೈನಿನಲ್ಲಿ ವಿದ್ಯುತ್ ಇದ್ದರೂ ಮನೆ ಬ್ಯಾಟರಿಯಿಂದಲೇ ನಡೆಯುತ್ತದೆ, ಮತ್ತು ರಾತ್ರಿ ಹನ್ನೊಂದು ಹನ್ನೆರಡರ ಹೊತ್ತಿಗೆ ಬ್ಯಾಟರಿ ಇಳಿದ ನಂತರವಷ್ಟೇ ಇನ್ವರ್ಟರ್ ಲೈನಿಗೆ ಹೋಗುತ್ತದೆ. ನಮ್ಮ ಕಡೆ ಲೈನು ಹೋಗುವುದು ಹೆಚ್ಚಾಗಿ ನಡುರಾತ್ರಿಯ ಗಾಳಿಮಳೆಗೆ. ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಬೆಳಗಾಗುವವರೆಗೆ, ಕೆಲವು ಸಲ ಎರಡು ಮೂರು ದಿನ, ವಿದ್ಯುತ್ ಬರುವುದಿಲ್ಲ. ಬ್ಯಾಟರಿ ನಿಜವಾಗಿ ಬೇಕಾಗುವ ಆ ಹೊತ್ತಿನಲ್ಲೇ ಅದು ಬರಿದಾಗಿರುತ್ತದೆ. ತಂದೆಯವರು ರಾತ್ರಿ ಮಲಗುವಾಗ ಉಸಿರಾಟಕ್ಕೆ ಸಿಪ್ಯಾಪ್ ಯಂತ್ರ ಬಳಸುತ್ತಾರಾದ್ದರಿಂದ ಇದು ಬರೀ ಫ್ಯಾನು, ದೀಪಗಳ ಅನುಕೂಲದ ಮಾತಾಗಿ ಉಳಿದಿಲ್ಲ.

ಅಳವಡಿಸಿದವರನ್ನು ಕೇಳಿದರೆ, ಬ್ಯಾಟರಿಯನ್ನು ದಿನವೂ ಇಳಿಸಿ ಏರಿಸದಿದ್ದರೆ ಹಾಳಾಗುತ್ತದೆ, ಹೀಗೇ ಇರಲಿ ಎನ್ನುತ್ತಾರೆ. ಪಕ್ಕದ ತೋಟದವರು ಲೈನಿಗೇ ಮೊದಲ ಆದ್ಯತೆ ಕೊಟ್ಟು ಸುಮ್ಮನಿರಿ ಎನ್ನುತ್ತಾರೆ. ಹಾಗೆ ಮಾಡಿದರೆ ಪ್ಯಾನೆಲ್ಲುಗಳಿಗೆ ಹಾಕಿದ ಹಣ ವ್ಯರ್ಥವಾಗುವುದಿಲ್ಲವೇ ಎಂಬ ಚಿಂತೆಯೂ ಇದೆ. ಮನೆಯ ಮೀಟರಿಗೆ ಗೃಹಜ್ಯೋತಿ ಅನ್ವಯವಾಗುತ್ತಿದ್ದು, ಬಳಕೆ ನಮ್ಮ ಮಿತಿಯೊಳಗೇ ಇರುವುದರಿಂದ ಬಿಲ್ಲು ಸೊನ್ನೆ ಬರುತ್ತಿದೆ. ಈ ಪರಿಸ್ಥಿತಿಯಲ್ಲಿ ಯಾವ ಕ್ರಮ ಸರಿ, ಮಳೆಗಾಲಕ್ಕೆ ಅದನ್ನು ಬದಲಾಯಿಸಬೇಕೇ ಎಂಬುದನ್ನು ಅನುಭವವಿದ್ದವರು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ 1
ಬರೆದವರು: ವಿದ್ಯುತ್ ಉಪನ್ಯಾಸಕ, ದಾವಣಗೆರೆ

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸಿಪ್ಯಾಪ್ ಯಂತ್ರದ ಮಾತು. ಅದೊಂದೇ ಕಾರಣಕ್ಕೆ ಎಸ್‌ಬಿಯು ಸೆಟ್ಟಿಂಗನ್ನು ಇವತ್ತೇ ತೆಗೆದುಬಿಡಿ ಎಂದು ಹೇಳುತ್ತೇನೆ. ಉಳಿದ ಲೆಕ್ಕಾಚಾರವನ್ನು ನಿಧಾನವಾಗಿ ಮಾಡಬಹುದು.

ಬ್ಯಾಟರಿ ದಿನವೂ ಇಳಿಯದಿದ್ದರೆ ಹಾಳಾಗುತ್ತದೆ ಎಂಬುದು ಸರಿಯಲ್ಲ. ಸೀಸ-ಆಮ್ಲದ ಬ್ಯಾಟರಿಯನ್ನು ಕೊಲ್ಲುವುದು ಅರೆ ಚಾರ್ಜಿನಲ್ಲಿ ದಿನಗಟ್ಟಲೆ ನಿಂತಿರುವ ಸ್ಥಿತಿ. ಆಗ ಫಲಕಗಳ ಮೇಲೆ ಕೂಡುವ ಸೀಸದ ಸಲ್ಫೇಟ್ ಗಟ್ಟಿಯಾಗಿ, ಮತ್ತೆ ಚಾರ್ಜು ಮಾಡಿದರೂ ಕರಗದ ಹರಳಾಗುತ್ತದೆ, ಮತ್ತು ಅಷ್ಟು ಸಾಮರ್ಥ್ಯ ಶಾಶ್ವತವಾಗಿ ಹೋಗುತ್ತದೆ. ಪೂರ್ತಿ ಚಾರ್ಜಾಗಿ, ಸರಿಯಾದ ಫ್ಲೋಟ್ ವೋಲ್ಟೇಜಿನಲ್ಲಿ (ತುಂಬಿದ ಬ್ಯಾಟರಿಯನ್ನು ತುಂಬಿದಂತೆಯೇ ಕಾಯ್ದುಕೊಳ್ಳುವ ವೋಲ್ಟೇಜು), ನೀರಿನ ಮಟ್ಟ ಸರಿಯಾಗಿದ್ದು ನಿಂತಿರುವ ಟ್ಯೂಬುಲರ್ ಬ್ಯಾಟರಿ ಸುಖವಾಗಿಯೇ ಇರುತ್ತದೆ. ಬಹಳ ಕಾಲ ಅಲುಗಾಡದೆ ನಿಂತರೆ ಆಮ್ಲ ತಳಕ್ಕೆ ದಟ್ಟವಾಗಿಯೂ ಮೇಲೆ ತೆಳುವಾಗಿಯೂ ಪದರಗಟ್ಟುವುದು ನಿಜ, ಆದರೆ ಅದಕ್ಕೆ ಎರಡು ಮೂರು ತಿಂಗಳಿಗೊಮ್ಮೆ ಅರ್ಧದವರೆಗೆ ಇಳಿಸಿ ಪೂರ್ತಿ ಏರಿಸಿದರೆ ಸಾಕು. ಮಲೆನಾಡಿನಲ್ಲಿ ಆ ಕೆಲಸವನ್ನು ಲೈನೇ ನಿಮ್ಮ ಪರವಾಗಿ ಮಾಡುತ್ತದೆ.

ಈಗ ಹಣದ ಲೆಕ್ಕ ನೋಡೋಣ. ನಿಮ್ಮ ಎರಡು ಬ್ಯಾಟರಿಗಳಲ್ಲಿ ಕಾಗದದ ಮೇಲೆ 24 × 150, ಅಂದರೆ 3,600 ವ್ಯಾಟ್-ಗಂಟೆ ಇದೆ. ಬಾಳಿಕೆಯ ದೃಷ್ಟಿಯಿಂದ ಅರ್ಧ ಮಾತ್ರ ಬಳಸುವುದಾದರೆ 1,800, ಇನ್ವರ್ಟರಿನ ನಷ್ಟ ಕಳೆದರೆ ಮನೆಗೆ ಸಿಗುವುದು ಸುಮಾರು 1.5 ಯೂನಿಟ್. ಒಳ್ಳೆಯ ಟ್ಯೂಬುಲರ್ ಬ್ಯಾಟರಿ ಅರ್ಧದಷ್ಟು ಇಳಿತಕ್ಕೆ 1,500 ಸುತ್ತು (ಒಮ್ಮೆ ಇಳಿಸಿ ಏರಿಸಿದರೆ ಒಂದು ಸುತ್ತು) ಬಾಳುತ್ತದೆಂದು ಹಿಡಿಯೋಣ. ಆಗ ಜೋಡಿಯ ಇಡೀ ಆಯುಷ್ಯದಲ್ಲಿ ಸಿಗುವುದು 2,250 ಯೂನಿಟ್. ಜೋಡಿಗೆ 32,000 ರೂಪಾಯಿ ಬಿದ್ದಿದೆ ಎಂದುಕೊಂಡರೆ, ಬಿಸಿಲು ಪುಕ್ಕಟೆಯೆಂದು ಲೆಕ್ಕ ಹಾಕಿದರೂ, ಬ್ಯಾಟರಿಯ ಮೂಲಕ ಬರುವ ಒಂದು ಯೂನಿಟ್ಟಿಗೆ ಸವಕಳಿಯೇ 14 ರೂಪಾಯಿ ಆಗುತ್ತದೆ. ರಾಜ್ಯದಲ್ಲಿ ಗೃಹಬಳಕೆಯ ದರ ಯೂನಿಟ್ಟಿಗೆ 6 ರೂಪಾಯಿಯ ಆಸುಪಾಸಿನಲ್ಲಿದೆ. ನಿಮಗಂತೂ ಗೃಹಜ್ಯೋತಿಯಿಂದಾಗಿ ಅದು ಸೊನ್ನೆ. ಲೈನು ಇರುವಾಗಲೂ ದಿನಾ ರಾತ್ರಿ ಬ್ಯಾಟರಿಯನ್ನು ಬಳಸುವುದೆಂದರೆ, ಪುಕ್ಕಟೆ ಸಿಗುವುದನ್ನು ಬಿಟ್ಟು ಅದೇ ವಸ್ತುವಿಗೆ 14 ರೂಪಾಯಿ ತೆತ್ತಂತೆ.

ಗೃಹಜ್ಯೋತಿಯ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. 2022-23ರ ಸರಾಸರಿ ಬಳಕೆಗೆ ಶೇಕಡಾ 10, ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದವರಿಗೆ 10 ಯೂನಿಟ್, ಸೇರಿಸಿ ಮಿತಿ ನಿಗದಿಯಾಗಿದೆ. ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್ಟಿಗೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಆದ್ದರಿಂದ 200ರ ಅಂಚಿನಲ್ಲಿರುವ ಮನೆಯವರಿಗೆ ಸೋಲಾರಿನಿಂದ ಲೈನಿನ ಬಳಕೆ ತಗ್ಗಿಸುವುದು ನಿಜವಾದ ಲಾಭ. ನೀವು ಆ ಅಂಚಿನಲ್ಲಿ ಇಲ್ಲ.

ಹಾಗೆಂದು ಪಕ್ಕದವರು ಹೇಳಿದಂತೆ ಲೈನಿಗೇ ಪೂರ್ತಿ ಆದ್ಯತೆ ಕೊಡುವುದೂ ನನಗೆ ಸರಿ ಕಾಣುವುದಿಲ್ಲ, ಏಕೆಂದರೆ ಆಗ ಬ್ಯಾಟರಿ ತುಂಬಿದ ಮೇಲೆ ಪ್ಯಾನೆಲ್ಲುಗಳು ಇಡೀ ದಿನ ಸುಮ್ಮನಿರುತ್ತವೆ. ನಡುವಿನ ದಾರಿಯೊಂದಿದೆ: ಮೊದಲು ಸೋಲಾರ್, ನಂತರ ಲೈನು, ಲೈನು ಹೋದಾಗ ಮಾತ್ರ ಬ್ಯಾಟರಿ. ಹಲವು ಇನ್ವರ್ಟರುಗಳಲ್ಲಿ ಇದನ್ನು ಎಸ್‌ಯುಬಿ ಎಂದು ತೋರಿಸುತ್ತಾರೆ, ನಮ್ಮಲ್ಲಿ ತಯಾರಾಗುವ ಕೆಲವು ಸೋಲಾರ್ ಪಿಸಿಯುಗಳಲ್ಲಿ (ಇವೂ ಸೋಲಾರ್ ಇನ್ವರ್ಟರುಗಳೇ) ಸ್ಮಾರ್ಟ್ ಮೋಡ್ ಎನ್ನುತ್ತಾರೆ. ಹಗಲಿನಲ್ಲಿ ಬಿಸಿಲು ಮನೆ ನಡೆಸುತ್ತದೆ, ಸಾಲದಿದ್ದದ್ದನ್ನು ಲೈನು ತುಂಬಿಕೊಡುತ್ತದೆ, ರಾತ್ರಿ ಲೈನು ನಡೆಸುತ್ತದೆ, ಬ್ಯಾಟರಿ ತುಂಬಿಕೊಂಡು ಕಾಯುತ್ತದೆ. ಆದರೆ ಕೈಪಿಡಿಯನ್ನು ಓದಿಯೇ ಬದಲಾಯಿಸಿ. ಬಿಸಿಲು ಮತ್ತು ಲೈನನ್ನು ಬೆರೆಸಿ ಕೊಡಲಾಗದ ಮಾದರಿಗಳಲ್ಲಿ, ಬಿಸಿಲು ಸ್ವಲ್ಪ ಕಡಿಮೆಯಾದರೂ ಇಡೀ ಹೊರೆ ಲೈನಿಗೆ ಹೋಗುತ್ತದೆ. ಇನ್ನು ಕೆಲವು ಮಾದರಿಗಳಲ್ಲಿ ಸೋಲಾರ್ ಮೊದಲು ಎಂದು ಬರೆದಿದ್ದರೂ ಕೊರತೆಯನ್ನು ಬ್ಯಾಟರಿಯಿಂದಲೇ ತುಂಬುತ್ತಾರೆ. ಮೋಡವಿರುವ ಒಂದು ಮಧ್ಯಾಹ್ನ ಮಿಕ್ಸಿ ಹಾಕಿ ಪರದೆಯಲ್ಲಿ ಬಾಣದ ಗುರುತು ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂದು ನೋಡಿದರೆ ನಿಮ್ಮ ಯಂತ್ರ ಯಾವ ಜಾತಿಯದೆಂದು ತಿಳಿಯುತ್ತದೆ.

ಉತ್ತರ 2
ಬರೆದವರು: ಬಿಸಿಲೂರು, ರಾಯಚೂರು

ಮೇಲಿನ ಉತ್ತರ ಟ್ಯೂಬುಲರ್ ಬ್ಯಾಟರಿಯ ಮಟ್ಟಿಗೆ ಸರಿಯಾಗಿದೆ. ಆದರೆ ಬ್ಯಾಟರಿಗೆ ಮೊದಲ ಆದ್ಯತೆ ಕೊಡುವುದೇ ತಪ್ಪು ಎಂದು ಓದುಗರು ತಿಳಿದುಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆ ಎಸ್‌ಬಿಯು ಕ್ರಮದಲ್ಲೇ ನಡೆಯುತ್ತಿದೆ, ನಾನು ಅದನ್ನು ಬದಲಾಯಿಸುವುದಿಲ್ಲ.

ಕಾರಣ, ನಮ್ಮಲ್ಲಿರುವುದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. 25.6 ವೋಲ್ಟ್, 100 ಎಎಚ್‌ನದಕ್ಕೆ ಸುಮಾರು 40,000 ರೂಪಾಯಿ ಕೊಟ್ಟೆ. ಶೇಕಡಾ 80ರಷ್ಟು ಇಳಿಸಿದರೂ 4,000 ಸುತ್ತು ಬಾಳುತ್ತದೆಂದು ಹಿಡಿದು, ಒಂದು ಸುತ್ತಿಗೆ 1.8 ಯೂನಿಟ್ ಸಿಗುತ್ತದೆಂದು ಲೆಕ್ಕ ಹಾಕಿದರೆ ಸವಕಳಿ ಯೂನಿಟ್ಟಿಗೆ ಐದೂವರೆ ರೂಪಾಯಿ. ಇದು ಜೆಸ್ಕಾಂ ಬಿಲ್ಲಿನ ದರಕ್ಕೆ ಹತ್ತಿರ ಬರುತ್ತದೆ. ನಮ್ಮದು ದೊಡ್ಡ ಕುಟುಂಬ, ಬೇಸಿಗೆಯಲ್ಲಿ ಕೂಲರುಗಳಿಂದಾಗಿ 200 ಯೂನಿಟ್ ದಾಟುವ ಭಯ ಯಾವಾಗಲೂ ಇರುವುದರಿಂದ ನಮಗೆ ಪ್ರತಿ ಯೂನಿಟ್ಟಿಗೂ ಬೆಲೆಯಿದೆ. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಬ್ಯಾಟರಿ, ಆಮೇಲೆ ಲೈನು.

ಇಲ್ಲಿ ಮೇ ತಿಂಗಳ ತಾಪ 40 ಡಿಗ್ರಿ ದಾಟುತ್ತದೆ. ಸೀಸದ ಬ್ಯಾಟರಿಯ ಆಯುಷ್ಯ 25 ಡಿಗ್ರಿಗಿಂತ ಪ್ರತಿ 10 ಡಿಗ್ರಿ ಹೆಚ್ಚಾದಂತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ನಮ್ಮ ಕಡೆ ಟ್ಯೂಬುಲರ್ ಬ್ಯಾಟರಿಯನ್ನು ಬಳಸದೆ ಜೋಪಾನವಾಗಿ ಇಟ್ಟರೂ ಅದು ಬಿಸಿಲಿಗೇ ಸಾಯುತ್ತದೆ. ಉಳಿಸಿ ಇಟ್ಟುಕೊಳ್ಳುತ್ತೇವೆ ಎಂಬ ವಾದ ಮಲೆನಾಡಿನಲ್ಲಿ ನಡೆದಷ್ಟು ಬಯಲುಸೀಮೆಯಲ್ಲಿ ನಡೆಯುವುದಿಲ್ಲ. ಬ್ಯಾಟರಿಯನ್ನು ತಾರಸಿಯ ಕೋಣೆಯಲ್ಲಿ ಇಡಬೇಡಿ ಎಂದು ನಮ್ಮ ಜಿಲ್ಲೆಯವರಿಗೆಲ್ಲ ಕೈಮುಗಿದು ಹೇಳುತ್ತೇನೆ.

ಪ್ರಶ್ನೆ ಕೇಳಿದವರು ಮುಂದೆ ಲಿಥಿಯಂಗೆ ಹೋಗುವುದಾದರೆ ಒಂದು ಎಚ್ಚರಿಕೆ ಬೇಕು. ಈ ಬ್ಯಾಟರಿಯ ವೋಲ್ಟೇಜು ಶೇಕಡಾ 80ರಿಂದ 20ರವರೆಗೆ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ, ಒಂದು ಸೆಲ್ಲಿಗೆ 3.2, 3.3 ವೋಲ್ಟುಗಳ ನಡುವೆಯೇ ಆಡುತ್ತದೆ. ಆದ್ದರಿಂದ ಇಂತಿಷ್ಟು ವೋಲ್ಟಿಗೆ ಬಂದಾಗ ಲೈನಿಗೆ ಹೋಗು ಎಂದು ಹೇಳಿ ಅರ್ಧ ಚಾರ್ಜನ್ನು ಕಾಯ್ದಿರಿಸುವುದು ಸೀಸದ ಬ್ಯಾಟರಿಯಲ್ಲಿ ಆಗುವಷ್ಟು ಸುಲಭವಾಗಿ ಇದರಲ್ಲಿ ಆಗುವುದಿಲ್ಲ. ಬ್ಯಾಟರಿಯ ಬಿಎಂಎಸ್ (ಸೆಲ್ಲುಗಳ ಮೇಲೆ ಕಣ್ಣಿಡುವ ಒಳಗಿನ ಸರ್ಕ್ಯೂಟ್) ಮತ್ತು ಇನ್ವರ್ಟರ್ ಕೇಬಲ್ಲಿನ ಮೂಲಕ ಮಾತಾಡುವಂತಿದ್ದು, ಶೇಕಡಾವಾರು ಲೆಕ್ಕದಲ್ಲೇ ಮೀಸಲು ಹೇಳಲು ಬರುವ ಜೋಡಿಯನ್ನೇ ಕೊಳ್ಳಿ. ನಮ್ಮಲ್ಲಿ ಶೇಕಡಾ 50ಕ್ಕೆ ಇಳಿದೊಡನೆ ಲೈನಿಗೆ ಹೋಗುವಂತೆ ಇಟ್ಟಿದ್ದೇವೆ, ಉಳಿದರ್ಧ ವಿದ್ಯುತ್ ಹೋದಾಗಿನ ಪಾಲು.

ಉತ್ತರ 3
ಬರೆದವರು: ಸೋಲಾರ್ ಕೆಲಸ, ಶಿರಸಿ

ಇಬ್ಬರೂ ಹೊರೆಯ ಆದ್ಯತೆಯ ಬಗ್ಗೆ ಬರೆದಿದ್ದಾರೆ. ಮಲೆನಾಡಿನಲ್ಲಿ ಬ್ಯಾಟರಿ ಉಳಿಯುವುದೂ ಅಳಿಯುವುದೂ ಎರಡನೆಯ ಸೆಟ್ಟಿಂಗಿನಲ್ಲಿ, ಅಂದರೆ ಚಾರ್ಜು ಎಲ್ಲಿಂದ ಆಗಬೇಕು ಎಂಬುದರಲ್ಲಿ. ನಾನು ರಿಪೇರಿಗೆ ಹೋದ ಮನೆಗಳಲ್ಲಿ ಹೆಚ್ಚಿನವರು ಇದನ್ನು ಮುಟ್ಟಿಯೇ ಇರುವುದಿಲ್ಲ.

ಸೋಲಾರಿನಿಂದ ಮಾತ್ರ, ಸೋಲಾರ್ ಮೊದಲು, ಸೋಲಾರ್ ಮತ್ತು ಲೈನು ಎರಡೂ ಎಂಬ ಆಯ್ಕೆಗಳು ಇರುತ್ತವೆ. ಬೇಸಿಗೆಯಲ್ಲಿ ಸೋಲಾರಿನಿಂದ ಮಾತ್ರ ಎಂದು ಇಟ್ಟದ್ದು ಆಷಾಢದಲ್ಲೂ ಹಾಗೇ ಉಳಿದರೆ, ವಾರಗಟ್ಟಲೆ ಸೂರ್ಯನ ಮುಖ ಕಾಣದ ನಮ್ಮ ಘಟ್ಟದ ಮೇಲೆ ಬ್ಯಾಟರಿ ಒಂದು ದಿನವೂ ಪೂರ್ತಿ ತುಂಬುವುದಿಲ್ಲ. ಅದರ ಜೊತೆಗೆ ಎಸ್‌ಬಿಯು ಕೂಡ ಇದ್ದರೆ, ಹಗಲು ಬಂದ ಅಲ್ಪಸ್ವಲ್ಪ ಚಾರ್ಜನ್ನೂ ಸಂಜೆಯೇ ತೆಗೆದು, ಬ್ಯಾಟರಿಯನ್ನು ಕೆಳಮಟ್ಟದಲ್ಲೇ ತಿಂಗಳುಗಟ್ಟಲೆ ನಿಲ್ಲಿಸಿದಂತಾಗುತ್ತದೆ. ಮೇಲೆ ಹೇಳಿದ ಸಲ್ಫೇಟ್ ಗಟ್ಟಿಯಾಗುವುದು ಹೀಗೆಯೇ. ಎರಡು ಮಳೆಗಾಲ ಹೀಗೆ ಕಳೆದ ಬ್ಯಾಟರಿಗಳನ್ನು ಬಿಚ್ಚಿ ನೋಡುವಾಗ ನಿಜವಾಗಿಯೂ ಬೇಸರವಾಗುತ್ತದೆ, ಏಕೆಂದರೆ ಎರಡು ಗುಂಡಿ ಒತ್ತಿದ್ದರೆ ಅವು ಉಳಿಯುತ್ತಿದ್ದವು.

ಸೋಲಾರ್ ಮೊದಲು ಎಂಬ ಆಯ್ಕೆಯಲ್ಲಿ ಬೇರೊಂದು ತೊಡಕಿದೆ. ಬಿಸಿಲು ಇಲ್ಲದಾಗ ಲೈನಿನಿಂದ ಚಾರ್ಜು ಮಾಡು ಎಂದೇ ಅದರ ಅರ್ಥವಾದ್ದರಿಂದ, ಎಸ್‌ಬಿಯುನಲ್ಲಿ ಸಂಜೆ ಇಳಿದ ಬ್ಯಾಟರಿಯನ್ನು ಅದು ರಾತ್ರಿಯೇ ಲೈನಿನಿಂದ ತುಂಬಿಸುತ್ತದೆ, ಬೆಳಿಗ್ಗೆ ಬಿಸಿಲು ಬರುವಾಗ ತುಂಬಲು ಜಾಗವೇ ಇರುವುದಿಲ್ಲ. ಲೈನಿನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಮನೆಗೆ ಎಂದು ಸುತ್ತಿ ಬರುವಾಗ ಕಾಲುಭಾಗದಷ್ಟು ವಿದ್ಯುತ್ ದಾರಿಯಲ್ಲೇ ಹೋಗುತ್ತದೆ. ಬಿಲ್ಲು ಕಡಿಮೆ ಮಾಡಲು ಹೊರಟವರಿಗೆ ಇದು ಹೆಚ್ಚೇ ಆಗುತ್ತದೆ.

ನಿಮ್ಮ ಮನೆಗೆ ನನ್ನ ಸಲಹೆ ಇಷ್ಟು. ಜೂನ್ ಮೊದಲ ವಾರದಿಂದ ಅಕ್ಟೋಬರ್ ವರೆಗೆ ಹೊರೆಗೆ ಮೊದಲ ಆದ್ಯತೆ ಲೈನು ಅಥವಾ ಎಸ್‌ಯುಬಿ, ಚಾರ್ಜಿಗೆ ಸೋಲಾರ್ ಮತ್ತು ಲೈನು ಎರಡೂ. ಮಳೆ ನಿಂತ ಮೇಲೆ ಮೇ ತನಕ ಎಸ್‌ಯುಬಿ, ಚಾರ್ಜಿಗೆ ಸೋಲಾರ್ ಮೊದಲು. ಬ್ಯಾಟರಿ ಇಳಿಯುವುದೇ ಲೈನು ಹೋದಾಗ ಮಾತ್ರ ಆಗಿರುವುದರಿಂದ ಮೇಲೆ ಹೇಳಿದ ತೊಡಕು ಇಲ್ಲಿ ಬರುವುದಿಲ್ಲ. ನಿಮ್ಮ ಯಂತ್ರದಲ್ಲಿ ಎಸ್‌ಯುಬಿ ಇಲ್ಲವಾದರೆ ಎಸ್‌ಬಿಯುನಲ್ಲೇ ಇಟ್ಟು, ಲೈನಿಗೆ ಮರಳುವ ವೋಲ್ಟೇಜನ್ನು ಮೇಲಕ್ಕೆ ತನ್ನಿ. ಅನೇಕ 24 ವೋಲ್ಟಿನ ಯಂತ್ರಗಳು ಕಾರ್ಖಾನೆಯಿಂದ ಬರುವಾಗಲೇ ಅದು 23 ವೋಲ್ಟಿಗೆ ಇರುತ್ತದೆ, ಟ್ಯೂಬುಲರ್ ಬ್ಯಾಟರಿಗೆ ಅದು ತುಂಬಾ ಆಳ. 24.6ರ ಆಸುಪಾಸಿಗೆ ಏರಿಸಿದರೆ ಅರ್ಧಕ್ಕಿಂತ ಹೆಚ್ಚು ಮೀಸಲು ಉಳಿಯುತ್ತದೆ. ಮತ್ತೆ ಬ್ಯಾಟರಿಗೆ ಬರುವ ವೋಲ್ಟೇಜನ್ನು 27 ಅಥವಾ ಪೂರ್ತಿ ಚಾರ್ಜಾದಾಗ ಎಂದು ಇಡಿ. ಎರಡರ ನಡುವಿನ ಅಂತರ ಕಡಿಮೆಯಾದರೆ ಲೈನಿಗೂ ಬ್ಯಾಟರಿಗೂ ಬದಲಾಯಿಸುವ ಒಳಗಿನ ಸ್ವಿಚ್ಚು, ಅಂದರೆ ರಿಲೇ, ಇಡೀ ಸಂಜೆ ಟಕಟಕ ಎನ್ನುತ್ತಾ ಅತ್ತಿತ್ತ ಹೊಡೆದಾಡುತ್ತದೆ.

ಚಾರ್ಜಿಂಗ್ ಕರೆಂಟನ್ನೂ ನೋಡಿಕೊಳ್ಳಿ. 150 ಎಎಚ್ ಬ್ಯಾಟರಿಗೆ 15ರಿಂದ 20 ಆಂಪಿಯರ್ ಸಾಕು. ನಿಮ್ಮ ಪ್ಯಾನೆಲ್ಲುಗಳು ಅದರ ಮೂರರಷ್ಟು ಕೊಡಬಲ್ಲವು. ಬಲ್ಕ್, ಅಂದರೆ ಚಾರ್ಜು ತುಂಬಿಸುವಾಗಿನ ವೋಲ್ಟೇಜು, 28.8; ಫ್ಲೋಟ್ 27ರಿಂದ 27.4. ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ.

ಪ್ರಶ್ನೆ ಕೇಳಿದವರ ಮರುಮಾತು
ಬರೆದವರು: ಅಡಿಕೆ ತೋಟ, ತೀರ್ಥಹಳ್ಳಿ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಮ್ಮ ಯಂತ್ರದಲ್ಲಿ ಎಸ್‌ಯುಬಿ ಇದೆ, ಅದಕ್ಕೆ ಬದಲಾಯಿಸಿದ್ದೇನೆ. ಆದರೆ ಈಗ ಬೇರೊಂದು ವಿಚಿತ್ರ ಕಾಣುತ್ತಿದೆ. ಸಂಜೆ ಏಳರಿಂದ ಒಂಬತ್ತರ ನಡುವೆ ಲೈನಿನಲ್ಲಿ ವಿದ್ಯುತ್ ಇದ್ದರೂ ಇನ್ವರ್ಟರ್ ಆಗಾಗ ಬ್ಯಾಟರಿಗೆ ಹೋಗುತ್ತಿದೆ. ಆ ಹೊತ್ತಿನಲ್ಲಿ ಪರದೆಯ ಮೇಲೆ ಲೈನಿನ ವೋಲ್ಟೇಜು 160, 165 ಎಂದು ಕಾಣುತ್ತದೆ. ನಾವು ಟ್ರಾನ್ಸ್‌ಫಾರ್ಮರಿನಿಂದ ಬಹಳ ದೂರದಲ್ಲಿದ್ದೇವೆ. ಹೀಗಾದರೆ ಲೈನಿಗೆ ಆದ್ಯತೆ ಕೊಟ್ಟೂ ಪ್ರಯೋಜನವಾಗುವುದಿಲ್ಲವಲ್ಲ?

ಉತ್ತರ 4
ಬರೆದವರು: ವಿದ್ಯುತ್ ಉಪನ್ಯಾಸಕ, ದಾವಣಗೆರೆ

ಪ್ರಯೋಜನ ಇದ್ದೇ ಇದೆ, ಆದರೆ ಮೂರನೆಯ ಸೆಟ್ಟಿಂಗೊಂದು ನಿಮ್ಮ ಆಯ್ಕೆಯನ್ನು ಮೀರಿ ಕೆಲಸ ಮಾಡುತ್ತಿದೆ. ಇನ್ವರ್ಟರ್ ಯಾವ ವೋಲ್ಟೇಜಿನವರೆಗೆ ಲೈನನ್ನು ಲೈನು ಎಂದು ಒಪ್ಪಿಕೊಳ್ಳಬೇಕು ಎಂಬುದಕ್ಕೆ ಸಾಮಾನ್ಯವಾಗಿ ಎರಡು ಮಿತಿಗಳಿರುತ್ತವೆ. ಯುಪಿಎಸ್ ಎಂದು ಇಟ್ಟರೆ 170ರಿಂದ 280, ಅಪ್ಲಯನ್ಸ್ ಎಂದು ಇಟ್ಟರೆ 90ರಿಂದ 280. ನಿಮ್ಮದು ಯುಪಿಎಸ್‌ನಲ್ಲಿರಬೇಕು, 165 ವೋಲ್ಟನ್ನು ಅದು ವಿದ್ಯುತ್ ಹೋಗಿದೆ ಎಂದೇ ಲೆಕ್ಕ ಹಾಕುತ್ತದೆ.

ಅಪ್ಲಯನ್ಸಿಗೆ ಬದಲಾಯಿಸಿದರೆ ಬ್ಯಾಟರಿ ಉಳಿಯುತ್ತದೆ, ಆದರೆ ಲೈನಿನಲ್ಲಿ ಬಂದ 160 ವೋಲ್ಟ್ ಹಾಗೆಯೇ ಮನೆಯೊಳಕ್ಕೆ ಹೋಗುತ್ತದೆ. ಇಂಥ ಇನ್ವರ್ಟರುಗಳು ಲೈನಿನಲ್ಲಿದ್ದಾಗ ವೋಲ್ಟೇಜನ್ನು ಸರಿಪಡಿಸುವುದಿಲ್ಲ, ದಾಟಿಸುತ್ತವೆ ಅಷ್ಟೇ. ಎಲ್ಇಡಿ ದೀಪಕ್ಕಾಗಲಿ, 100ರಿಂದ 240 ವೋಲ್ಟಿನವರೆಗೆ ನಡೆಯುವ ಸಿಪ್ಯಾಪ್ ಅಡಾಪ್ಟರಿಗಾಗಲಿ ಅದರಿಂದ ತೊಂದರೆಯಿಲ್ಲ, ಆದರೆ ಹಳೆಯ ರೀತಿಯ ಫ್ರಿಜ್ಜಿನ ಕಂಪ್ರೆಸರ್ ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ತಿರುಗಲಾರದೆ ಕಾಯ್ದು ಸುಟ್ಟುಹೋಗಬಹುದು. ಆದ್ದರಿಂದ ಇನ್ವರ್ಟರಿನ ಲೈನು ಬದಿಗೇ ತಕ್ಕ ಸಾಮರ್ಥ್ಯದ ಸ್ಟೆಬಿಲೈಸರ್ ಹಾಕಿಸಿ, ಮಿತಿಯನ್ನು ಯುಪಿಎಸ್‌ನಲ್ಲೇ ಇಡಿ. ಲೈನಿನಿಂದ ಆಗುವ ಚಾರ್ಜಿಂಗ್ ಕರೆಂಟನ್ನು 10 ಆಂಪಿಯರಿಗೆ ಇಳಿಸಿದರೆ ನಿಮ್ಮದೇ ಹೊರೆ ಲೈನನ್ನು ಇನ್ನಷ್ಟು ಕೆಳಗೆ ಎಳೆಯುವುದು ತಪ್ಪುತ್ತದೆ. ಮೆಸ್ಕಾಂ ಉಪವಿಭಾಗಕ್ಕೆ, ಸಂಜೆಯ ಹೊತ್ತಿನ ವೋಲ್ಟೇಜ್ ತೋರಿಸುವ ಪರದೆಯ ಚಿತ್ರಗಳೊಂದಿಗೆ, ಲಿಖಿತ ದೂರು ಕೊಡುವುದನ್ನೂ ಮರೆಯಬೇಡಿ. ಮೂಲ ದೋಷ ಇರುವುದು ಅಲ್ಲಿ.

ಕೊನೆಯದಾಗಿ ತಂದೆಯವರ ಯಂತ್ರದ ಬಗ್ಗೆ. 3 ಕೆವಿಎ ಇನ್ವರ್ಟರ್ ಬ್ಯಾಟರಿಯಲ್ಲಿ ನಡೆಯುವಾಗ, ಮನೆಯಲ್ಲಿ ಏನೂ ಹಚ್ಚದಿದ್ದರೂ, ತಾನೇ 40 ವ್ಯಾಟಿನಷ್ಟು ತಿನ್ನುತ್ತದೆ. ವಿದ್ಯುತ್ ಹೋದ ರಾತ್ರಿ ಫ್ರಿಜ್ಜನ್ನು ಆರಿಸಿ, ಸಿಪ್ಯಾಪಿನ ನೀರು ಕಾಯಿಸುವ ಭಾಗವನ್ನು ವೈದ್ಯರನ್ನು ಕೇಳಿಕೊಂಡು ಬಂದ್ ಮಾಡಿ, ಒಂದು ಫ್ಯಾನು ಮತ್ತು ಒಂದು ದೀಪ ಮಾತ್ರ ಇಟ್ಟುಕೊಂಡರೆ ಒಟ್ಟು 120 ವ್ಯಾಟಿನ ಸುಮಾರಿಗೆ ಬರುತ್ತದೆ. ತುಂಬಿದ ಬ್ಯಾಟರಿ ಅರ್ಧಕ್ಕೆ ಇಳಿಯಲು 15 ಗಂಟೆ ಬೇಕು. ಎರಡು ಮೂರು ದಿನ ವಿದ್ಯುತ್ ಬಾರದ ಸಂದರ್ಭಕ್ಕೆ, ಆ ಸಿಪ್ಯಾಪ್ ತಯಾರಕರೇ ಕೊಡುವ, 24 ವೋಲ್ಟ್ ಬ್ಯಾಟರಿಯಿಂದ ನಡೆಯುವ ಡಿಸಿ ಕನ್ವರ್ಟರ್ ಇದೆಯೇ ಎಂದು ವಿಚಾರಿಸಿ, ಚಾರ್ಜಿಂಗ್ ಸಮಯದ 28.8 ವೋಲ್ಟನ್ನೂ ಅದು ತಾಳುತ್ತದೆಂದು ಖಚಿತಪಡಿಸಿಕೊಂಡು ತರಿಸಿಕೊಳ್ಳಿ; ಆಗ ಇನ್ವರ್ಟರನ್ನೇ ಆರಿಸಿಡಬಹುದು. 12 ವೋಲ್ಟಿನ ಕನ್ವರ್ಟರ್ ತಂದು ಎರಡರಲ್ಲಿ ಒಂದು ಬ್ಯಾಟರಿಗೆ ಮಾತ್ರ ಜೋಡಿಸಬೇಡಿ. ಸರಣಿಯಲ್ಲಿರುವ ಜೋಡಿಯಲ್ಲಿ ಒಂದು ಮಾತ್ರ ಇಳಿದರೆ, ಮುಂದೆ ಚಾರ್ಜಾಗುವಾಗ ಇನ್ನೊಂದು ಮಿತಿಮೀರಿ ತುಂಬಿ, ಇಳಿದದ್ದು ಎಂದೂ ತುಂಬದೆ, ಎರಡೂ ಹಾಳಾಗುತ್ತವೆ.